ಹಗಲಿರುಳಿನ ಓಟ

ಓಟದ ಪಂದ್ಯವೆಂದೊಡನೆ ಯಾರ ಕಣ್ಣ ಮುಂದೆಯೂ ಮೂಡುವ ಚಿತ್ರ ಒಂದೇ: ಸಾಲಾಗಿ ನಿಂತ ಸ್ಪರ್ಧಿಗಳು, ಒಂದು ಸಂಕೇತ, ಆಮೇಲೆ ಗುರಿಯ ಗೆರೆಯನ್ನು ಮುಟ್ಟುವ ಧಾವಂತ. ಆದರೆ ದೂರವನ್ನು ಗೊತ್ತುಮಾಡದೆ, ಕಾಲವನ್ನು ಮಾತ್ರ ಗೊತ್ತುಮಾಡಿ ನಡೆಸುವ ಪಂದ್ಯಗಳೂ ಉಂಟು. ಫ್ರಾನ್ಸ್ ದೇಶದ ಲ ಮಾನ್ ಪಟ್ಟಣದಲ್ಲಿ 1923ರಲ್ಲಿ ಮೊದಲಾದ ಮೋಟಾರು ಕಾರುಗಳ ಪಂದ್ಯ ಇಂಥದು. ಅಲ್ಲಿ ಕಾರು ಇಪ್ಪತ್ತನಾಲ್ಕು ಗಂಟೆಗಳ ಕಾಲ ಓಡಬೇಕು. ಆ ಅವಧಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದೂರವನ್ನು ಕ್ರಮಿಸಿದ ಕಾರಿಗೆ ಜಯ.

ಕಾರುಗಳ ಬಾಳಿಕೆಯನ್ನು ಪರೀಕ್ಷಿಸುವುದು ಈ ಪಂದ್ಯದ ಮೂಲ ಉದ್ದೇಶವಾಗಿತ್ತು. ಇಡೀ ಇರುಳು ದೀಪಗಳು ಉರಿಯಬಲ್ಲವೇ, ಬ್ರೇಕುಗಳು ತಾಳಬಲ್ಲವೇ, ಎಂಜಿನ್ನು ಬಿಸಿಯೇರಿ ಕೆಡದೆ ಉಳಿಯಬಲ್ಲುದೇ ಎಂಬುದನ್ನು ಕಾರ್ಖಾನೆಗಳು ಇಲ್ಲಿ ಕಂಡುಕೊಳ್ಳುತ್ತಿದ್ದವು. ಓಟದ ದಾರಿಯ ಒಂದು ಸುತ್ತು ಸುಮಾರು ಹದಿಮೂರೂವರೆ ಕಿಲೋಮೀಟರು. ಅದರ ಬಹುಭಾಗ ಉಳಿದ ದಿನಗಳಲ್ಲಿ ಊರಿನ ವಾಹನಗಳು ಓಡಾಡುವ ಸಾಮಾನ್ಯ ರಸ್ತೆಯೇ. ಅದರಲ್ಲಿ ಸುಮಾರು 6 ಕಿಲೋಮೀಟರು ಉದ್ದದ ಒಂದು ನೇರ ಹಾದಿಯಿದೆ. 1990ರಲ್ಲಿ ವೇಗವನ್ನು ತಗ್ಗಿಸಲೆಂದು ಅಲ್ಲಿ ಎರಡು ಕಿರುತಿರುವುಗಳನ್ನು ಸೇರಿಸುವವರೆಗೂ ಕಾರುಗಳು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅದರ ತುದಿಯವರೆಗೂ ಒಂದೇ ಸಮನೆ ಧಾವಿಸುತ್ತಿದ್ದವು. ಇಂಥ ವೇಗಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1955ರ ಪಂದ್ಯದಲ್ಲಿ ಒಂದು ಕಾರು ಮತ್ತೊಂದಕ್ಕೆ ಬಡಿದು ಸಿಡಿದು ಪ್ರೇಕ್ಷಕರ ನಡುವೆ ಬಿದ್ದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇಪ್ಪತ್ತನಾಲ್ಕು ಗಂಟೆ ಒಬ್ಬನೇ ಕಾರು ನಡೆಸುವುದು ಬಹು ಕಷ್ಟ. ಈಗ ಅದಕ್ಕೆ ಅನುಮತಿಯೂ ಇಲ್ಲ. ಇಂದಿನ ನಿಯಮದಂತೆ ಯಾವ ಚಾಲಕನೂ ಆರು ಗಂಟೆಗಳ ಅವಧಿಯಲ್ಲಿ 4 ಗಂಟೆಗಿಂತ ಹೆಚ್ಚಾಗಲಿ, ಒಟ್ಟಿನಲ್ಲಿ 14 ಗಂಟೆಗಿಂತ ಹೆಚ್ಚಾಗಲಿ ಚಕ್ರ ಹಿಡಿಯುವಂತಿಲ್ಲ. ಒಂದು ಕಾರನ್ನು ಮೂವರು ಸರದಿಯ ಮೇಲೆ ನಡೆಸುತ್ತಾರೆ. ಒಬ್ಬನು ಇಳಿದು ಇನ್ನೊಬ್ಬನು ಏರುವಷ್ಟರಲ್ಲಿ ಪೆಟ್ರೋಲು ತುಂಬಬೇಕು, ಟೈರು ಬದಲಾಯಿಸಬೇಕು. ಹೀಗಾಗಿ ಒಬ್ಬನ ಅತಿವೇಗಕ್ಕಿಂತ ಮೂವರ ಹೊಂದಾಣಿಕೆಯೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಗೇರನ್ನು ಒರಟಾಗಿ ಹಾಕುವವನು, ಬ್ರೇಕನ್ನು ಅನಾವಶ್ಯಕವಾಗಿ ತುಳಿಯುವವನು ಎಷ್ಟೇ ವೇಗಶಾಲಿಯಾದರೂ ಸಂಗಡಿಗರಿಗೆ ಹೊರೆಯಾಗುತ್ತಾನೆ. ವೃತ್ತಿಪರ ಚಾಲಕರ ಮಧ್ಯೆ ಹವ್ಯಾಸಿಗೂ ಎಡೆ ದೊರೆಯುವುದು ಈ ಕಾರಣದಿಂದಲೇ. ಹಾಗೆ ಎಡೆ ಪಡೆದವರಲ್ಲಿ ಅಮೆರಿಕದ ಪಾಲ್ ನ್ಯೂಮನ್ನನ ಕಥೆ ವಿಶಿಷ್ಟವಾದುದು.

ನ್ಯೂಮನ್ ಹುಟ್ಟಿದ್ದು 1925ರ ಜನವರಿಯಲ್ಲಿ, ಓಹಾಯೋ ಸಂಸ್ಥಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳವನ್ನು ಸೇರಿ ವಿಮಾನ ನಡೆಸಬೇಕೆಂದು ಆತ ಹಂಬಲಿಸಿದನು. ಆದರೆ ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ಕಣ್ಣಿನ ದೋಷ ಅದಕ್ಕೆ ಅಡ್ಡಿಯಾಯಿತು; ವಿಮಾನದ ಹಿಂಬದಿಯಲ್ಲಿ ಕುಳಿತು ರೇಡಿಯೋ ಮತ್ತು ಬಂದೂಕನ್ನು ನೋಡಿಕೊಳ್ಳುವ ಕೆಲಸ ದೊರೆಯಿತು. ಯುದ್ಧ ಮುಗಿದ ಮೇಲೆ ಆತ ನಟನಾದನು, ಜಗತ್ಪ್ರಸಿದ್ಧನೂ ಆದನು. 1969ರಲ್ಲಿ ತೆರೆಕಂಡ ಒಂದು ಚಿತ್ರದಲ್ಲಿ ಓಟದ ಚಾಲಕನ ಪಾತ್ರ ಬಂದಿತು. ಪಾತ್ರಕ್ಕೆ ಸಿದ್ಧನಾಗಲೆಂದು ಬಾಬ್ ಬಾಂಡುರಂಟ್ ಎಂಬ ಅನುಭವಿ ಚಾಲಕನ ಬಳಿ ಆತ ಶಿಕ್ಷಣ ಪಡೆದನು. ಚಿತ್ರ ಮುಗಿಯಿತು, ಅದು ಹಚ್ಚಿದ ಗೀಳು ಮಾತ್ರ ಮುಗಿಯಲಿಲ್ಲ.

ನಟನ ಹೆಸರಿನ ಬಲದಿಂದ ಆತ ನೇರವಾಗಿ ದೊಡ್ಡ ಪಂದ್ಯಗಳಿಗೆ ನುಗ್ಗಬಹುದಾಗಿತ್ತು. ಹಾಗೆ ಮಾಡಲಿಲ್ಲ. 1972ರಲ್ಲಿ, ನಲವತ್ತೇಳರ ಪ್ರಾಯದಲ್ಲಿ, ಕನೆಕ್ಟಿಕಟ್ ಸಂಸ್ಥಾನದ ಥಾಂಪ್ಸನ್ ಎಂಬ ಸಣ್ಣ ಪಥದಲ್ಲಿ ಲೋಟಸ್ ಕಾರೊಂದನ್ನು ನಡೆಸುತ್ತ ಹವ್ಯಾಸಿಗಳ ಪಂದ್ಯಕ್ಕೆ ಇಳಿದನು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬು ನಡೆಸುವ ಇಂಥ ಪಂದ್ಯಗಳಲ್ಲಿ ವಾರವಿಡೀ ಬೇರೆ ಕಸುಬು ಮಾಡುವ ಜನ ವಾರದ ಕೊನೆಯಲ್ಲಿ ತಮ್ಮ ಕಾರುಗಳೊಡನೆ ಬಂದು ಸೇರುತ್ತಾರೆ. ಸ್ಪರ್ಧಿಗಳ ಪಟ್ಟಿಯಲ್ಲಿ ಆತನ ಹೆಸರು ‘ಪಿ. ಎಲ್. ನ್ಯೂಮನ್’ ಎಂದಷ್ಟೇ ಇರುತ್ತಿತ್ತು. ಹುಟ್ಟಿನಿಂದಲೇ ಮಿಂಚಿನ ಕೈ ಪಡೆದವನೇನೂ ಆತನಲ್ಲ. ಕಲಿಕೆ ನಿಧಾನವಾಗಿತ್ತು, ಆದರೆ ಕಲಿತದ್ದು ಗಟ್ಟಿಯಾಗಿ ನಿಲ್ಲುತ್ತಿತ್ತು. ನಾಲ್ಕು ವರ್ಷಗಳ ತರುವಾಯ, 1976ರಲ್ಲಿ, ಟ್ರಯಂಫ್ ಕಾರಿನಲ್ಲಿ ತನ್ನ ವರ್ಗದ ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿಯನ್ನು ಗಳಿಸಿದನು.

ಹವ್ಯಾಸಿಗಳ ಪಂದ್ಯ ಅರ್ಧ ಗಂಟೆಯಲ್ಲಿಯೋ ಮುಕ್ಕಾಲು ಗಂಟೆಯಲ್ಲಿಯೋ ಮುಗಿದುಹೋಗುತ್ತದೆ. ದೀರ್ಘಾವಧಿಯ ಓಟದಲ್ಲಾದರೋ ಕತ್ತಲೆ ಇದೆ, ಮಳೆ ಇದೆ, ನಿದ್ದೆಗೇಡಿದೆ. ತನಗಿಂತ ಬಹು ವೇಗವಾಗಿ ಹಿಂದಿನಿಂದ ಬರುವ ಕಾರುಗಳಿಗೆ ದಾರಿ ಬಿಡುತ್ತ, ತನಗಿಂತ ನಿಧಾನವಾದವುಗಳನ್ನು ದಾಟುತ್ತ ಸಾಗಬೇಕಾದ ಇಕ್ಕಟ್ಟಿದೆ. 1977ರಲ್ಲಿ ನ್ಯೂಮನ್ ತನ್ನ ದೇಶದಲ್ಲೇ, ಡೇಟೋನಾದ 24 ಗಂಟೆಗಳ ಓಟದಲ್ಲಿ ಇನ್ನಿಬ್ಬರೊಡನೆ ಫೆರಾರಿ ಕಾರನ್ನು ನಡೆಸಿ ಐದನೆಯ ಸ್ಥಾನ ಪಡೆದನು. ಮರುವರ್ಷ ನವೆಂಬರಿನಲ್ಲಿ ಆತನ ಹಿರಿಯ ಮಗ ಸ್ಕಾಟ್ ಇಪ್ಪತ್ತೆಂಟರ ಹರೆಯದಲ್ಲಿ ತೀರಿಕೊಂಡನು. ಆ ದುಃಖದ ಏಳು ತಿಂಗಳ ಬಳಿಕ ನ್ಯೂಮನ್ ಲ ಮಾನ್‌ಗೆ ಬಂದನು. ಆಗ ಆತನಿಗೆ ಐವತ್ತನಾಲ್ಕು ವರ್ಷ.

ತಂಡದ ಒಡೆಯ ಡಿಕ್ ಬಾರ್ಬರ್. ಚಾಲಕರಲ್ಲಿ ಆತನೂ ಒಬ್ಬ. ಮೂರನೆಯವನು ಜರ್ಮನಿಯ ರೋಲ್ಫ್ ಸ್ಟೊಮ್ಮೆಲೆನ್, ನುರಿತ ವೃತ್ತಿಪರ. ಅವರ ಕಾರು ಪೋರ್ಷೆ 935, ಅರುನೂರಕ್ಕೂ ಹೆಚ್ಚು ಅಶ್ವಶಕ್ತಿಯುಳ್ಳದ್ದು. ಹೊರದೂಡುವ ಹೊಗೆಯ ಒತ್ತಡದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಮೂಲಕ ಎಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ತುರುಕುವ ಟರ್ಬೊ ಎಂಬ ಸಾಧನ ಅದರಲ್ಲಿತ್ತು. ಇದರಿಂದ ಬಲ ಹೆಚ್ಚುತ್ತದೆ, ಆದರೆ ಒಂದು ತೊಡಕೂ ಇದೆ. ಚಾಲಕನು ಪೆಡಲನ್ನು ಒತ್ತಿದ ಕೂಡಲೇ ಬಲ ಬರುವುದಿಲ್ಲ. ಕ್ಷಣ ತಡೆದು, ಒಮ್ಮೆಲೇ ಬೆನ್ನಿಗೆ ಗುದ್ದಿದಂತೆ ಬರುತ್ತದೆ. ಒದ್ದೆ ರಸ್ತೆಯ ತಿರುವಿನ ನಡುವೆ ಹಾಗೆ ಬಂದರೆ ಕಾರು ಗಿರಕಿ ಹೊಡೆಯುವುದು ನಿಶ್ಚಯ. ಆದುದರಿಂದ ಬಲ ಯಾವಾಗ ಬೇಕೆಂಬುದನ್ನು ಮುಂಚೆಯೇ ಎಣಿಸಿ ಪೆಡಲನ್ನು ತುಳಿಯಬೇಕು.

1979ರ ಜೂನ್ 9ರಂದು ಐವತ್ತಕ್ಕೂ ಹೆಚ್ಚು ಕಾರುಗಳು ಹೊರಟವು. ಇರುಳು ಕವಿಯಿತು, ಮಳೆ ಸುರಿಯಿತು. ವೇಗದ ಭಾರವನ್ನು ಮುಖ್ಯವಾಗಿ ಹೊತ್ತವನು ಸ್ಟೊಮ್ಮೆಲೆನ್. ಕಾರನ್ನು ಎಲ್ಲಿಯೂ ಬಡಿಯದೆ, ಕೆಡಿಸದೆ ಅವನ ಕೈಗೆ ಮರಳಿಸುವುದು ಉಳಿದಿಬ್ಬರ ಹೊಣೆ. ನ್ಯೂಮನ್ ಅದನ್ನು ಚೊಕ್ಕವಾಗಿ ನಿರ್ವಹಿಸಿದನು. ಬೆಳಗಾಗುವ ವೇಳೆಗೆ ಅನೇಕ ಹೆಸರಾಂತ ಕಾರುಗಳು ಕಣದಿಂದ ಹೊರಬಿದ್ದಿದ್ದವು.

ಭಾನುವಾರ ಒಂದು ವಿಚಿತ್ರ ನಡೆಯಿತು. ಬಹಳ ಮುಂದಿದ್ದ ಕಾರಿನಲ್ಲಿ ಎಂಜಿನ್ನಿಗೆ ಪೆಟ್ರೋಲು ಒದಗಿಸುವ ಪಂಪಿನ ಪಟ್ಟಿ ಹರಿದು, ಅದು ದಾರಿಯ ನಡುವೆಯೇ ನಿಂತಿತು. ಪಥದ ಮೇಲೆ ಕೆಟ್ಟು ನಿಂತ ಕಾರನ್ನು ಚಾಲಕನೊಬ್ಬನೇ, ಕಾರಿನಲ್ಲಿರುವ ಸಾಮಗ್ರಿಯಿಂದಲೇ ಸರಿಪಡಿಸಬೇಕೆಂಬುದು ನಿಯಮ. ಅದೇ ಪಂದ್ಯದಲ್ಲಿ ಪ್ರಖ್ಯಾತ ಚಾಲಕ ಜಾಕಿ ಇಕ್ಸ್‌ನ ಕಾರು ಹೊರಗಿನ ಸಹಾಯ ಪಡೆಯಿತೆಂದು ಅದನ್ನು ಪಂದ್ಯದಿಂದಲೇ ತೆಗೆದುಹಾಕಿದ್ದರು. ಈಗ ನಿಂತ ಕಾರಿನ ಚಾಲಕ ಡಾನ್ ವಿಟಿಂಗ್ಟನ್ ತಾನೇ ಇಳಿದು, ಹೇಗೋ ದುರಸ್ತಿ ಮಾಡಿ ಕಾರನ್ನು ಹಿಂದಕ್ಕೆ ತಂದನು. ಅಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕಳೆದಿತ್ತು. ಎರಡನೆಯ ಸ್ಥಾನದಲ್ಲಿದ್ದ ನ್ಯೂಮನ್ನನ ತಂಡಕ್ಕೆ ಗೆಲುವಿನ ಬಾಗಿಲೇ ತೆರೆದಂತಾಯಿತು.

ಆದರೆ ಅದನ್ನು ಮುಚ್ಚಿದ್ದು ಒಂದು ನಟ್ಟು! ಆ ಕಾರಿನ ಪ್ರತಿ ಚಕ್ರವನ್ನೂ ನಡುವೆ ಒಂದೇ ಒಂದು ದೊಡ್ಡ ನಟ್ಟು ಹಿಡಿದಿರುತ್ತದೆ. ಟೈರನ್ನು ಬೇಗ ಬದಲಾಯಿಸಲೆಂದೇ ಈ ಏರ್ಪಾಡು. ಟೈರು ಬದಲಾಯಿಸಲು ನಿಂತಾಗ ಅಂಥದೊಂದು ನಟ್ಟು ಕಚ್ಚಿಕೊಂಡು ಅಲುಗಾಡಲಿಲ್ಲ. ಮೆಕ್ಯಾನಿಕ್ಕುಗಳು ಬೆವರು ಸುರಿಸಿ ಅದನ್ನು ಬಿಡಿಸುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳು ಸಂದುಹೋಗಿದ್ದವು. ಕೊನೆಕೊನೆಗೆ ಎಂಜಿನ್ನೂ ಸೊರಗಿತು. ಸ್ಟೊಮ್ಮೆಲೆನ್ ಅದನ್ನು ಮೆಲ್ಲಮೆಲ್ಲನೆ ಗೆರೆ ದಾಟಿಸಿದನು. ಅವರದು ಒಟ್ಟಿನಲ್ಲಿ ಎರಡನೆಯ ಸ್ಥಾನ. ತಮ್ಮ ವರ್ಗದಲ್ಲಿ ಮೊದಲನೆಯದು. ಹೊರಟ ಕಾರುಗಳಲ್ಲಿ ಅರ್ಧಕ್ಕರ್ಧವೂ ಕೊನೆ ಮುಟ್ಟಿರಲಿಲ್ಲ.

ನ್ಯೂಮನ್ ಮತ್ತೆ ಲ ಮಾನ್‌ನಲ್ಲಿ ಸ್ಪರ್ಧಿಸಲಿಲ್ಲ. ಸ್ಟೊಮ್ಮೆಲೆನ್ 1983ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಂದ್ಯದಲ್ಲಿ ಅಪಘಾತಕ್ಕೀಡಾಗಿ ಮಡಿದನು. ಆಗ ಆತ ನಡೆಸುತ್ತಿದ್ದುದೂ ಪೋರ್ಷೆ 935 ಕಾರನ್ನೇ. ನ್ಯೂಮನ್ ಹವ್ಯಾಸಿಗಳ ಪಂದ್ಯಕ್ಕೆ ಮರಳಿ ಇನ್ನೂ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗಳಿಸಿದನು. 1995ರಲ್ಲಿ, ಎಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಡೇಟೋನಾದ 24 ಗಂಟೆಗಳ ಓಟದಲ್ಲಿ ಆತನಿದ್ದ ತಂಡ ತನ್ನ ವರ್ಗದಲ್ಲಿ ಗೆದ್ದಿತು. ಮುಪ್ಪಿನಲ್ಲಿ ಆತ ನಡೆಸುತ್ತಿದ್ದ ಕಾರಿನ ಮೇಲಿನ ಸಂಖ್ಯೆ ವರ್ಷವರ್ಷವೂ ಬದಲಾಗುತ್ತಿತ್ತು, ಏಕೆಂದರೆ ಅದು ಆತನ ವಯಸ್ಸು. 2008ರ ಆಗಸ್ಟಿನಲ್ಲಿ, ಕಾಯಿಲೆಯಿಂದ ಬಹಳ ಸೊರಗಿದ್ದಾಗ, ಕನೆಕ್ಟಿಕಟ್‌ನ ಲೈಮ್ ರಾಕ್ ಪಥದಲ್ಲಿ ಆತ ಕೊನೆಯ ಸಲ ಕೆಲವು ಸುತ್ತು ಕಾರು ಓಡಿಸಿದನು. ಮರುತಿಂಗಳು 26ರಂದು ತೀರಿಕೊಂಡನು.