ಹೊಸ ವ್ಯವಸ್ಥೆ, ಹಳೆಯ ಕೈ

ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕೈಯಾಡಿಸಿದ ಗೃಹಿಣಿಯನ್ನು ಬೇರೊಂದು ಮನೆಯ ಒಲೆಯ ಮುಂದೆ ನಿಲ್ಲಿಸಿದರೆ, ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಸಾಸಿವೆಯ ಡಬ್ಬಿಗಾಗಿ ಆಕೆ ತಡಕಾಡಬೇಕಾಗುತ್ತದೆ. ಆಕೆಗೆ ಅಡುಗೆ ಬಾರದೆಂದಲ್ಲ. ಡಬ್ಬಿಯ ಜಾಗ ಕೈಗೆ ತಿಳಿಯದು. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ಬದಲಾಯಿಸಿಕೊಂಡವರ ಪಾಡೂ ಹೆಚ್ಚುಕಡಿಮೆ ಇದೇ.

ಈ ಬದಲಾವಣೆ ಈಗ ಅನೇಕ ಮನೆಗಳ ಪ್ರಶ್ನೆಯಾಗಿದೆ. 2015ರಲ್ಲಿ ಹೊರಬಂದ ವಿಂಡೋಸ್ 10ರ ಸಾಮಾನ್ಯ ಪೋಷಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11ಕ್ಕಾದರೋ ಟಿ.ಪಿ.ಎಂ. 2.0 ಎಂಬ ರಕ್ಷಣಾ ಸಾಧನವೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಗಟ್ಟಿಮುಟ್ಟಾಗಿದ್ದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದವರು ಉಚಿತವಾಗಿ ದೊರೆಯುವ ಲಿನಕ್ಸ್‌ನ ಕಡೆ ನೋಡುತ್ತಿದ್ದಾರೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸವದು.

ವಿಚಿತ್ರವೆಂದರೆ, ಇಲ್ಲಿ ಹೆಚ್ಚು ಎಡವುವವನು ಏನೂ ಅರಿಯದ ಬಾಲಕನಲ್ಲ, ಎಲ್ಲವನ್ನೂ ಬಲ್ಲ ಅನುಭವಿ. ಬಾಲಕನಿಗೆ ಕಲಿಯುವುದಷ್ಟೇ ಉಂಟು. ಅನುಭವಿಗೆ ಮೊದಲು ಮರೆಯುವ ಕೆಲಸವಿದೆ. ಆತ ಸಿ, ಡಿ ಎಂಬ ಡ್ರೈವುಗಳನ್ನು ಹುಡುಕುತ್ತಾನೆ, ಲಿನಕ್ಸಿನಲ್ಲಿ ಅವಿಲ್ಲ. ಒಂದೇ ಬೇರಿನಿಂದ ಎಲ್ಲ ಕಡತಗಳೂ ಕವಲೊಡೆದಿರುತ್ತವೆ. ಅಂತರಜಾಲದಿಂದ ಇಳಿಸಿಕೊಂಡ ‘ಸೆಟಪ್’ ಕಡತವನ್ನು ಎರಡು ಬಾರಿ ಒತ್ತುತ್ತಾನೆ, ಅದು ಮಿಸುಕುವುದಿಲ್ಲ. ತಂತ್ರಾಂಶಗಳನ್ನು ಬಹುಮಟ್ಟಿಗೆ ಆ ವ್ಯವಸ್ಥೆಯ ಉಗ್ರಾಣದಿಂದಲೇ ಪಡೆಯಬೇಕು. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಗುಪ್ತಪದವನ್ನು ಒತ್ತುವಾಗ ಸಾಮಾನ್ಯವಾಗಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಗೊಂಡವರು ಎಷ್ಟು ಮಂದಿಯೋ! ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳನ್ನು ಲಿನಕ್ಸ್ ಬೇರೆಬೇರೆಯೆಂದೇ ಎಣಿಸುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಆ ಕಾಟವಿಲ್ಲ. ನಮ್ಮ ವರ್ಣಮಾಲೆಯಲ್ಲಿ ಅಂತಹ ಭೇದವೇ ಇಲ್ಲವಷ್ಟೆ!

ಆದರೆ ಕನ್ನಡಿಗನಿಗೆ ಬೇರೊಂದು ಗಂಡಾಂತರ ಕಾದಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಬರವಣಿಗೆ ಯಂತ್ರದೊಳಗೆ ಕನ್ನಡವಾಗಿ ಇರುವುದೇ ಇಲ್ಲ. ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿರುತ್ತಾರೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಹೊದಿಕೆ ಕಳಚಿ, ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ತಂದೆಯವರು ಬರೆದಿಟ್ಟ ವಂಶವೃತ್ತಾಂತವಿರಬಹುದು, ಅಧ್ಯಾಪಕರೊಬ್ಬರ ಹತ್ತು ವರ್ಷದ ಟಿಪ್ಪಣಿಗಳಿರಬಹುದು, ಕ್ಷಣದಲ್ಲಿ ಅಪರಿಚಿತವಾಗಿಬಿಡುತ್ತವೆ. ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನವೇ ಪರಿವರ್ತಕ ತಂತ್ರಾಂಶದ ಮೂಲಕ ಇವನ್ನೆಲ್ಲ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿ, ಪ್ರತಿಯೊಂದನ್ನು ಬೇರೆಡೆ ಇರಿಸಿಕೊಳ್ಳುವುದು ಅತ್ಯವಶ್ಯಕ. ಉಳಿದ ತೊಡಕುಗಳೆಲ್ಲ ಕೆಲವು ವಾರಗಳ ಮುನಿಸು. ಇದೊಂದು ಮಾತ್ರ ನಿಜವಾದ ನಷ್ಟ.

ಬೆರಳುಗಳಿಗೆ ಒಂದು ಸಮಾಧಾನವೂ ಉಂಟು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ಮನೆಮಾತಾದ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲಿಯೂ ‘ಕಗಪ’ ಎಂಬ ಹೆಸರಿನಿಂದ ಇದೆ. ಅದನ್ನು ಆರಿಸಿಕೊಂಡವನ ಕೈ ಹೊಸ ಮನೆಯಲ್ಲಿಯೂ ಹಳೆಯ ದಾರಿಯಲ್ಲಿಯೇ ನಡೆಯುತ್ತದೆ.

ದೊಡ್ಡ ಸಂಸ್ಥೆಗಳೂ ಈ ಏರುದಾರಿಯನ್ನು ಹತ್ತಿವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2013ರ ವೇಳೆಗೆ ಸುಮಾರು 15,000 ಯಂತ್ರಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಮರಳಿ ವಿಂಡೋಸ್‌ಗೆ ಹೋಗಲು ನಿರ್ಧರಿಸಿತು. ಫ್ರಾನ್ಸಿನ ಜಾಂಡಾರ್ಮರಿ ಎಂಬ ಪೊಲೀಸ್ ಪಡೆಯ ನಡೆ ಹೆಚ್ಚು ಜಾಣತನದ್ದು. 2005ರಲ್ಲಿ ಬರವಣಿಗೆಗೆ ಓಪನ್ ಆಫೀಸ್, 2006ರಲ್ಲಿ ಜಾಲದರ್ಶನಕ್ಕೆ ಫೈರ್‌ಫಾಕ್ಸ್, ಹೀಗೆ ಎರಡೂ ಕಡೆ ನಡೆಯುವ ತಂತ್ರಾಂಶಗಳನ್ನು ವಿಂಡೋಸ್‌ನಲ್ಲಿಯೇ ರೂಢಿಮಾಡಿಸಿ, 2008ರಿಂದ ಅಡಿಪಾಯವನ್ನು ಬದಲಾಯಿಸತೊಡಗಿತು. ಅಷ್ಟರಲ್ಲಿ ಸಿಬ್ಬಂದಿಯ ನಿತ್ಯದ ಕಿಟಕಿಗಳು ಪರಿಚಿತವಾಗಿಬಿಟ್ಟಿದ್ದವು.

ಮನೆಯಲ್ಲಿಯೂ ಇದನ್ನು ಅನುಸರಿಸಬಹುದು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಲು ಅವಕಾಶವುಂಟು. ಒಳಗಿನ ಡಿಸ್ಕಿಗೆ ಅದನ್ನು ಸ್ಥಾಪಿಸದೆಯೇ ಒಂದು ಭಾನುವಾರ ವೈಫೈ ಹತ್ತುವುದೇ, ಮುದ್ರಣಯಂತ್ರ ಮಾತು ಕೇಳುವುದೇ, ಬ್ಯಾಂಕಿನ ಕೆಲಸಕ್ಕೆ ಬೇಕಾದ ತಂತ್ರಾಂಶ ನಡೆಯುವುದೇ ಎಂದು ಪರೀಕ್ಷಿಸಬಹುದು. ಯಾವುದಾದರೊಂದು ನಡೆಯದಿದ್ದರೆ ಪೆನ್‌ಡ್ರೈವನ್ನು ಕಿತ್ತು ಯಂತ್ರವನ್ನು ಮತ್ತೆ ಹೊತ್ತಿಸಿದರಾಯಿತು, ಹಳೆಯ ವಿಂಡೋಸ್ ಇದ್ದಲ್ಲಿಯೇ ಇರುತ್ತದೆ.