ಗಡಿ ದಾಟುವ ಗಾಡಿಗೆ ಯಾವ ಆಂಟೆನಾ?

ಪುಣೆಯಿಂದ ಹೈದರಾಬಾದ್ ಹಾದು ಮಚಲೀಪಟ್ಟಣಕ್ಕೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಹುಮನಾಬಾದ್ ಕಳೆದ ಮೇಲೆ ತೆಲಂಗಾಣದ ಜಹೀರಾಬಾದ್ ಸೇರುತ್ತದೆ. ಈ ದಾರಿಯಲ್ಲೂ ಇಲ್ಲಿಂದ ನಾರಾಯಣಖೇಡ, ತಾಂಡೂರಿನ ಕಡೆಗೆ ಕವಲೊಡೆಯುವ ದಾರಿಗಳಲ್ಲೂ ಗಾಡಿಯನ್ನೇ ಮನೆ ಮಾಡಿಕೊಂಡವರು ಬಹಳ. ಕ್ಯಾಬಿನ್ನಿನಲ್ಲೇ ಮಲಗೇಳುವ ಲಾರಿಯವರು, ಬೋರ್‌ವೆಲ್ ಗಾಡಿಯ ತಂಡದವರು, ರಾಶಿ ಯಂತ್ರದ ಜೊತೆ ಸುಗ್ಗಿ ಮುಗಿಯುವವರೆಗೆ ಹೊರಗೇ ಇರುವ ಹುಡುಗರು, ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಟೆಂಪೊ ಮಾಡಿಕೊಂಡು ಬರುವ ಭಕ್ತರು, ಈಚೆಗಂತೂ ಹಾಸಿಗೆ, ಒಲೆ ಕೂಡಿಸಿದ ಕಾರವಾನ್ ಬಾಡಿಗೆಗೆ ಹಿಡಿದು ಬೀದರ್ ಕೋಟೆ, ಅನಂತಗಿರಿ ಬೆಟ್ಟ ಸುತ್ತುವ ಪೇಟೆಯ ಕುಟುಂಬಗಳು. ಸಂಜೆ ಗಾಡಿ ನಿಂತ ಮೇಲೆ ಇವರಲ್ಲಿ ಕನ್ನಡದವರಿಗೆ ಕನ್ನಡದ ವಾರ್ತೆಯೋ ಧಾರಾವಾಹಿಯೋ ಬೇಕಾಗುತ್ತದೆ. ಅದಕ್ಕೊಂದು ಆಂಟೆನಾ ಹುಡುಕಿದರೆ ಚಾವಣಿಗೆ ಅಂಟಿಸುವ ತಟ್ಟೆ, ಗೂಟದಂಥ ಕಡ್ಡಿ, ಬಿಳಿ ಗುಮ್ಮಟ ಎಂದು ಹತ್ತಾರು ಸಾಮಾನು ಎದುರಾಗುತ್ತವೆ. ಅವುಗಳಲ್ಲಿ ಬಹುಪಾಲು ಈ ಸೀಮೆಗೆ ಕೆಲಸಕ್ಕೆ ಬಾರದವು. ಇಲ್ಲಿ ಗಾಡಿಗೆ ಒಪ್ಪುವ ಆಂಟೆನಾ ಎಂದರೆ ಗಾಡಿ ನಿಂತ ಮೇಲೆ ಕೆಳಗಿಳಿಸಿ ನೆಲದ ಮೇಲೆ ನಿಲ್ಲಿಸುವ ಸಾದಾ ಡಿಶ್ ಎಂಬುದು ನನ್ನ ವಾದ.

ಮೊದಲು ಆ ಕಡ್ಡಿ, ತಟ್ಟೆಗಳ ಮಾತು. ಅಮೆರಿಕದಲ್ಲಿ ಒಂದೊಂದು ಪಟ್ಟಣದ ಗೋಪುರದಿಂದಲೂ ಹಲವು ಖಾಸಗಿ ಕೇಂದ್ರಗಳು ಡಿಜಿಟಲ್ ಚಿತ್ರವನ್ನು ಬಿಟ್ಟಿಯಾಗಿ ಗಾಳಿಗೆ ಬಿಡುತ್ತವೆ. ಹಾಗಾಗಿ ಅಲ್ಲಿನ ಮನೆಗಾಡಿಗಳ ಚಾವಣಿಯ ಮೇಲೆ ರೆಕ್ಕೆ ಬಿಚ್ಚಿದಂಥ ಆಂಟೆನಾ ಇರುತ್ತದೆ, ಅದಕ್ಕೆ ಅರ್ಥವೂ ಇದೆ. ನಮ್ಮಲ್ಲಿ ನೆಲದ ಗೋಪುರದಿಂದ ಟಿವಿ ಪ್ರಸಾರ ಮಾಡುವ ಹಕ್ಕು ಇದ್ದದ್ದು ದೂರದರ್ಶನಕ್ಕೆ ಮಾತ್ರ. ಅದು ತನ್ನ ಹಳೆಯ ಅನಲಾಗ್ ಪ್ರಸಾರವನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ದೇಶದ ಆಯಕಟ್ಟಿನ ಜಾಗಗಳಲ್ಲಿ ಉಳಿಸಿಕೊಂಡ ಸುಮಾರು 50 ಕೇಂದ್ರಗಳನ್ನು ಬಿಟ್ಟು ಮಿಕ್ಕವನ್ನು ಮುಚ್ಚಿತು. ಡಿಜಿಟಲ್ ಗೋಪುರ ಪ್ರಸಾರ 2016ರಲ್ಲಿ ಶುರುವಾದದ್ದು ಬೆಂಗಳೂರಿನಂಥ ಕೆಲವು ದೊಡ್ಡ ನಗರಗಳಲ್ಲಿ ಮಾತ್ರ. ಹಿಡಿಯಲು ಅಲೆಯೇ ಇಲ್ಲದ ಕಡೆ ಆಂಟೆನಾ ಎಷ್ಟು ಒಳ್ಳೆಯದಾದರೇನು? 'ಇನ್ನೂರು ಮೈಲಿ ದೂರದಿಂದ ಎಳೆಯುತ್ತದೆ' ಎಂಬ ಜಾಹೀರಾತನ್ನು ಗೋಪುರವಿದ್ದ ಕಾಲದಲ್ಲೂ ನಂಬುವಂತಿರಲಿಲ್ಲ. ಈ ಅಲೆಗಳು ಹೆಚ್ಚು ಕಡಿಮೆ ನೇರಗೆರೆಯಲ್ಲಿ ಸಾಗುತ್ತವೆ, ಭೂಮಿ ದುಂಡಗಿದೆ. 150 ಮೀಟರ್ ಎತ್ತರದ ಗೋಪುರದಿಂದ ಹೊರಟದ್ದು 10 ಮೀಟರ್ ಕಂಬದ ಆಂಟೆನಾಕ್ಕೆ ಚೆನ್ನಾಗಿ ಸಿಗುವುದು 60 ಚಿಲ್ಲರೆ ಕಿಲೋಮೀಟರ್‌ವರೆಗೆ. ಅದರಾಚೆ ಸಿಕ್ಕಿದ್ದೆಲ್ಲ ಹವೆಯ ಕೃಪೆ.

ಈ ಲೆಕ್ಕ ಜಹೀರಾಬಾದ್, ತಾಂಡೂರಿನವರಿಗೆ ವಿಶೇಷವಾಗಿ ಅನ್ವಯಿಸುತ್ತಿತ್ತು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆ ಎರಡು ಜಿಲ್ಲೆಗಳ ಬಹುಭಾಗ ಮೈಸೂರಿನ ಕಡೆ ಬಂತು, ಈ ತಾಲ್ಲೂಕುಗಳು ಆಂಧ್ರದ ಕಡೆ ಹೋದವು. ಬಳಿಕ 1977ರಲ್ಲಿ ಕಲಬುರಗಿಯಲ್ಲೂ ಹೈದರಾಬಾದಿನಲ್ಲೂ ದೂರದರ್ಶನದ ಗೋಪುರಗಳು ಎದ್ದವು. ಜಹೀರಾಬಾದಿನಿಂದ ಎರಡಕ್ಕೂ ನೇರ ಅಂತರ 90ರಿಂದ 100 ಕಿಲೋಮೀಟರ್. ತಾಂಡೂರಿನಿಂದ ಕಲಬುರಗಿಗೆ ಸುಮಾರು 80. ಎಂದರೆ ಈ ಊರುಗಳು ಎರಡು ಗೋಪುರಗಳ ನಡುವೆ, ಎರಡರ ಅಂಚಿನಿಂದಲೂ ಆಚೆ ಇದ್ದವು. ಇಂಥ ಕಡೆ ಉದ್ದನೆಯ ಕಬ್ಬಿಣದ ಪೈಪು, ಅದರ ತುದಿಗೆ ಹಲವು ಕಡ್ಡಿಗಳ ಆಂಟೆನಾ, ಕೆಳಗೊಂದು ಬೂಸ್ಟರ್ ಇಲ್ಲದೆ ಚಿತ್ರ ಬರುತ್ತಿರಲಿಲ್ಲ. ಹಳೆಯ ಮಾಳಿಗೆಗಳ ಮೇಲೆ ಇನ್ನೂ ಉಳಿದಿರುವ ಆ ಪೈಪುಗಳನ್ನು ನೋಡಿ 'ಆಗ ಬರುತ್ತಿತ್ತಲ್ಲ, ಈಗೇಕೆ ಬರುವುದಿಲ್ಲ' ಎಂದು ಕೇಳುವವರಿದ್ದಾರೆ. ಆಗ ಬರುತ್ತಿದ್ದದ್ದನ್ನು ಕಳುಹಿಸುವ ಯಂತ್ರವನ್ನೇ ಈಗ ಆರಿಸಿಟ್ಟಿದ್ದಾರೆ, ಅಷ್ಟೆ.

ಇನ್ನು ಡಿಶ್ ಈ ಸೀಮೆಗೆ ಹೊಸದೇನೂ ಅಲ್ಲ. ಕಲಬುರಗಿಯ ಗೋಪುರಕ್ಕಿಂತ ಮೊದಲೇ ಬಂದದ್ದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಮತ್ತು ಆಕಾಶವಾಣಿ ಸೇರಿ, ಅಮೆರಿಕದ ನಾಸಾ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿದ್ದವು, ಪಕ್ಕದ ಆಂಧ್ರದ ಹಳ್ಳಿಗಳೂ ಇದ್ದವು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿ ಸಾಗಿಸುವ ಏರ್ಪಾಡಿದ್ದುದರಿಂದ ಒಂದೇ ಕಾರ್ಯಕ್ರಮವನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಿತ್ತು. ಹಳ್ಳಿಯಲ್ಲಿ ನಿಲ್ಲಿಸುತ್ತಿದ್ದ ಆಂಟೆನಾ 3 ಮೀಟರ್ ಅಗಲದ್ದು, ಕೋಳಿ ಗೂಡಿಗೆ ಹೊಡೆಯುವಂಥ ತಂತಿಬಲೆಯಿಂದ ಮಾಡಿದ್ದು. ಅದು ಅಷ್ಟು ದೊಡ್ಡದಿರಲು ಕಾರಣವಿತ್ತು. ಆ ಉಪಗ್ರಹದ ಅಲೆ ಉದ್ದನೆಯದು. ಅಲೆ ಉದ್ದವಾದಷ್ಟೂ ಅದನ್ನು ಒಂದು ಬಿಂದುವಿಗೆ ಕೂಡಿಸಲು ಅಗಲವಾದ ಬಟ್ಟಲು ಬೇಕು. ಇಂದಿನ ಡಿಟಿಎಚ್ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು, ಉಪಗ್ರಹಗಳ ಶಕ್ತಿಯೂ ಹೆಚ್ಚು. ಹೀಗಾಗಿ 60 ಸೆಂಟಿಮೀಟರ್ ಡಿಶ್ ಸಾಕಾಗುತ್ತದೆ, ಅದನ್ನು ಬಿಚ್ಚಿ ಸೀಟಿನ ಹಿಂದೆ ತುರುಕಬಹುದು.

ಉಪಗ್ರಹದ ದೊಡ್ಡ ಉಪಕಾರವೆಂದರೆ ಅದಕ್ಕೆ 1956ರ ಗಡಿ ಗೊತ್ತಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕದ ಮೇಲೆ, ಭೂಮಿ ತಿರುಗಿದಷ್ಟೇ ವೇಗದಲ್ಲಿ ತಿರುಗುವ ಅದು ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ದೂರದರ್ಶನದ ಬಿಟ್ಟಿ ಸೇವೆಯಾದ ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. ಅದು 2015ರ ನವೆಂಬರಿನಲ್ಲಿ ಹಾರಿದ್ದು, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಜಹೀರಾಬಾದಿನಲ್ಲಿ ನಿಂತು ಲೆಕ್ಕ ಹಾಕಿದರೆ ಅದು ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ 137 ಡಿಗ್ರಿ ತಿರುಗಿದ ಕಡೆ, ನೆಲದಿಂದ 62 ಡಿಗ್ರಿ ಎತ್ತರದಲ್ಲಿರುತ್ತದೆ. ತಾಂಡೂರಿನಲ್ಲಿ ದಿಕ್ಕು 136, ನಾರಾಯಣಖೇಡದಲ್ಲಿ 138. ಎತ್ತರದಲ್ಲಿ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ. ಇದು ಗಾಡಿಯವರಿಗೆ ಬಹಳ ಬೆಲೆಯುಳ್ಳ ವಿಷಯ, ಆದರೆ ಅಂಗಡಿಯವರು ಹೇಳುವುದಿಲ್ಲ. ಒಮ್ಮೆ ಸರಿಯಾಗಿ ಕೂರಿಸಿ ಎತ್ತರದ ನಟ್ಟು ಬಿಗಿದು, ಡಿಶ್‌ನ ತೋಳಿನ ತುದಿಯಲ್ಲಿ ಅಲೆ ಹಿಡಿಯುವ ಎಲ್‌ಎನ್‌ಬಿ ತಿರುವಿದ ಜಾಗಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ ಈ ಮೂರು ಊರುಗಳ ನಡುವೆ ಎಲ್ಲಿ ನಿಂತರೂ ಆ ಎರಡನ್ನು ಮುಟ್ಟಬೇಕಿಲ್ಲ. ಎಡಬಲ ತಿರುಗಿಸಿ ಆಗ್ನೇಯ ಹುಡುಕಿದರೆ ಕೆಲಸ ಮುಗಿಯಿತು. ಅಷ್ಟು ಎತ್ತರದಲ್ಲಿರುವುದರಿಂದ ಬೇಲಿ, ಗಿಡ, ಪಕ್ಕದ ಲಾರಿ ಅಡ್ಡ ಬರುವುದೂ ಕಡಿಮೆ. ಡಿಶ್‌ನ ಮುಖ ಮಾತ್ರ 62 ಡಿಗ್ರಿಗಿಂತ ತಗ್ಗಿದಂತೆ ಕಾಣುತ್ತದೆ. ನಮ್ಮ ಡಿಶ್‌ಗಳ ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗಡೆ ಇರುವುದೇ ಅದಕ್ಕೆ ಕಾರಣ. ಗಾಬರಿಯಿಂದ ಅದನ್ನು ಇನ್ನಷ್ಟು ಮೇಲಕ್ಕೆ ಎತ್ತಬಾರದು.

ಹಾಗಾದರೆ ಅದೇ ಡಿಶ್ ಅನ್ನು ಚಾವಣಿಯ ಮೇಲೆ ಕೂರಿಸಬಾರದೇಕೆ? 60 ಸೆಂಟಿಮೀಟರ್ ಡಿಶ್ ಆಕಾಶದಲ್ಲಿ ನೋಡುವ ಕಿಂಡಿ ಸುಮಾರು 3 ಡಿಗ್ರಿ ಅಗಲದ್ದು. ಗುರಿಯಿಂದ ಒಂದೂವರೆ ಡಿಗ್ರಿ ಆಚೀಚೆ ಸರಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಇನ್ನೂ ಸರಿದರೆ ಪರದೆ ಕಪ್ಪಾಗುತ್ತದೆ. ಗಾಡಿ ನಿಲ್ಲುವ ಜಾಗವಾದರೋ ಹೆದ್ದಾರಿ ಪಕ್ಕದ ಇಳಿಜಾರು, ಢಾಬಾದ ಎದುರಿನ ಗುಂಡಿ, ಹೊಲದ ಬದು. ಒಂದು ಗಾಲಿ ಗೇಣು ತಗ್ಗಿಗೆ ಇಳಿದರೂ ಅಷ್ಟು ಓಲುತ್ತದೆ. ಒಳಗೆ ಇಬ್ಬರು ಎದ್ದು ನಡೆದರೂ ಸ್ಪ್ರಿಂಗಿನ ಮೇಲಿನ ಗಾಡಿ ಅಲುಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೆರಳು. ಏಪ್ರಿಲ್, ಮೇ ತಿಂಗಳಲ್ಲಿ ಈ ಕಡೆ ಗಾಡಿಯನ್ನು ಬೇವಿನ ಮರದ ಬುಡಕ್ಕೆ ತರದೆ ಗತಿಯಿಲ್ಲ. ಎಲೆಯ ಅಡಿ ನಿಂತ ಡಿಶ್‌ಗೆ ಉಪಗ್ರಹ ಕಾಣುವುದಿಲ್ಲ. ನೆಲದ ಡಿಶ್ ಆದರೆ ಗಾಡಿಯನ್ನು ನೆರಳಲ್ಲಿ ಬಿಟ್ಟು ಹತ್ತು ಮೀಟರ್ ಕೇಬಲ್ ಎಳೆದು ಬಿಸಿಲಿನಲ್ಲಿ ನಿಲ್ಲಿಸಬಹುದು. ಚಾವಣಿಗೆ ತೂತು ಹೊಡೆದರೆ ಮಳೆಗಾಲದಲ್ಲಿ ಸೋರುವ ಕಾಟ ಬೇರೆ.

'ತಾನೇ ತಿರುಗಿ ಉಪಗ್ರಹ ಹುಡುಕುವ ಗುಮ್ಮಟಗಳಿವೆಯಲ್ಲ' ಎನ್ನಬಹುದು. ಇವೆ. ಒಳಗೆ ಮೋಟಾರು, ಓಲಾಟ ಅಳೆಯುವ ಸಲಕರಣೆ ಇಟ್ಟು, ಹಡಗಿನಲ್ಲೂ ಓಡುವ ಬಸ್ಸಿನಲ್ಲೂ ಚಿತ್ರ ತಪ್ಪದಂತೆ ಹಿಡಿದಿಡುವ ಯಂತ್ರಗಳವು. ಆದರೆ ಅವುಗಳ ಬೆಲೆ ಸಾದಾ ಡಿಶ್‌ಗಿಂತ ಎಷ್ಟೋ ಪಟ್ಟು. ಅಮೆರಿಕದ ಮನೆಗಾಡಿಗಳಿಗೆಂದು ಮಾಡಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಇನ್ನೊಂದು ತೊಡಕು: ಅಲ್ಲಿನ ಎರಡು ದೊಡ್ಡ ಡಿಟಿಎಚ್ ಸೇವೆಗಳ ಅಲೆ ತಿರುಪಿನಂತೆ ಸುತ್ತುತ್ತ ಬರುತ್ತದೆ, ನಮ್ಮ ಡಿಟಿಎಚ್‌ನದು ಅಡ್ಡ ಅಥವಾ ಉದ್ದ ಒಂದೇ ಮಟ್ಟದಲ್ಲಿ ಆಡುತ್ತ ಬರುತ್ತದೆ. ಅದರ ಎಲ್‌ಎನ್‌ಬಿ ಇದಕ್ಕೆ ಹೊಂದುವುದಿಲ್ಲ, ಅದರ ನೆನಪಿನಲ್ಲಿ ನಮ್ಮ ಉಪಗ್ರಹಗಳ ವಿಳಾಸವೂ ಇರುವುದಿಲ್ಲ. ಪ್ರವಾಸಿಗರಿಗೆ ಕಾರವಾನ್ ಬಾಡಿಗೆ ಕೊಡುವ ಸಂಸ್ಥೆ, ಓಡುವಾಗಲೇ ಟಿವಿ ತೋರಿಸುವ ಐಷಾರಾಮಿ ಬಸ್ಸಿನವರು ಬೇಕಾದರೆ, ಭಾರತದ ಉಪಗ್ರಹಗಳಿಗೆ ಹೊಂದುತ್ತದೆಂದು ಬರಹದಲ್ಲಿ ಪಡೆದು ಕೊಳ್ಳಲಿ. ಸಂಜೆ ನಿಂತು ನೋಡುವವರಿಗೆ ಅದು ದುಡ್ಡಿನ ದಂಡ.

ಫೋನಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕನ್ನಡ ವಾಹಿನಿಗಳೆಲ್ಲ ಆ್ಯಪಿನಲ್ಲಿ ಸಿಗುವಾಗ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೇ 2024ರಲ್ಲಿ 'ವೇವ್ಸ್' ಎಂಬ ಆ್ಯಪ್ ತಂದಿರುವಾಗ ಡಿಶ್ ಹೊತ್ತು ತಿರುಗುವುದೇಕೆ? ಒಬ್ಬನೇ ಲಾರಿ ಓಡಿಸುವವನ ಮಟ್ಟಿಗೆ ಈ ಮಾತು ಪೂರ್ತಿ ಸರಿ. ಅವನು ಡಿಶ್ ಕೊಳ್ಳಬೇಕಾಗಿಲ್ಲ. ಆದರೆ ಐದಾರು ಜನರ ತಂಡ ಸಂಜೆ ಮೂರು ತಾಸು ದೊಡ್ಡ ಪರದೆಯಲ್ಲಿ ನೋಡುವುದು ಬೇರೆ ಲೆಕ್ಕ. ಸ್ಪಷ್ಟ ಚಿತ್ರಕ್ಕೆ ತಾಸಿಗೆ ಒಂದು ಜಿಬಿಯೋ ಹೆಚ್ಚೋ ಡೇಟಾ ಬೇಕು, ದಿನದ ಪ್ಯಾಕು ಅರ್ಧ ಪಂದ್ಯಕ್ಕೆ ಮುಗಿಯುತ್ತದೆ. ನಾರಾಯಣಖೇಡದ ಒಳಹಳ್ಳಿ, ತಾಂಡಾಗಳ ಕಡೆ ಟವರಿನಿಂದ ದೂರ ನಿಂತ ಗಾಡಿಗೆ ಅಷ್ಟು ವೇಗ ಸಂಜೆಯ ಹೊತ್ತು ಸಿಕ್ಕೀತೆಂಬ ಭರವಸೆಯಿಲ್ಲ. ಡಿಶ್ ಎಷ್ಟು ಜನ ನೋಡಿದರೂ ಸೊರಗುವುದಿಲ್ಲ. ಮಳೆಯ ಮಾತು ಬಂದರೆ ಮಾತ್ರ ಫೋನೇ ಮೇಲು. ಬಿರುಮಳೆಯ ಹನಿಗಳು ಡಿಟಿಎಚ್ ಅಲೆಯನ್ನು ಹೀರುತ್ತವೆ, ಹತ್ತಿಪ್ಪತ್ತು ನಿಮಿಷ ಚಿತ್ರ ಹೋಗುತ್ತದೆ. 90 ಸೆಂಟಿಮೀಟರ್ ಡಿಶ್ ಇದನ್ನು ಸ್ವಲ್ಪ ತಡೆಯುತ್ತದೆ, ಆದರೆ ಗಾಳಿಗೆ ಹೆಚ್ಚು ಮೈ ಒಡ್ಡುತ್ತದೆ, ಗುರಿಯೂ ಇನ್ನಷ್ಟು ನಿಖರವಾಗಿರಬೇಕು. ಗಾಡಿಗೆ ಅದು ಬೇಡ.

ಯಾವ ಸೇವೆ ಎಂಬುದು ಭಾಷೆಯ ಮೇಲೆ ನಿಂತ ಪ್ರಶ್ನೆ. ಫ್ರೀ ಡಿಶ್‌ಗೆ ಒಮ್ಮೆ 2,000 ರೂಪಾಯಿ ಆಸುಪಾಸು ಹಾಕಿದರೆ ತಿಂಗಳ ಬಾಡಿಗೆಯಿಲ್ಲ, ಡಿಡಿ ಚಂದನ ಖಾತ್ರಿ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿದು ಬರುವುದರಿಂದ ಇಂದು ಇದ್ದದ್ದು ಮುಂದಿನ ವರ್ಷ ಇರಬೇಕೆಂದಿಲ್ಲ. ಧಾರಾವಾಹಿ, ಸಿನಿಮಾ ಬೇಕೆನ್ನುವವರಿಗೆ ದುಡ್ಡಿನ ಡಿಟಿಎಚ್ಚೇ ದಾರಿ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ನೋಡುಗನೇ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಬಹುದು. ತೆಲಂಗಾಣದಲ್ಲಿ ನಿಂತು ಕನ್ನಡದವನ್ನೇ ಆರಿಸಲು ಅಡ್ಡಿಯಿಲ್ಲ. ಊರಿನ ಕೇಬಲ್‌ನವರ ಪಟ್ಟಿ ಅವರ ಹೆಚ್ಚಿನ ಗಿರಾಕಿಗಳ ಭಾಷೆಯನ್ನು ನೋಡುತ್ತದೆ. ಗಡಿಯ ಕನ್ನಡಿಗರಿಗೆ ಮನೆಯಲ್ಲೂ ಡಿಶ್ ಉಪಯೋಗಕ್ಕೆ ಬರುವುದು ಅದಕ್ಕೇ. ಆರಿಸಿದ ಸೇವೆಯ ಉಪಗ್ರಹವೂ ಅದೇ 93.5 ಡಿಗ್ರಿಯಲ್ಲಿದ್ದರೆ ಫ್ರೀ ಡಿಶ್‌ಗೆ ತಿರುಗಿಸಿಟ್ಟ ದಿಕ್ಕು ಅದಕ್ಕೂ ನಡೆಯುತ್ತದೆ. ಟಾಟಾ ಪ್ಲೇ 83 ಡಿಗ್ರಿಯದು. ಜಹೀರಾಬಾದಿನಿಂದ ಅದು ದಕ್ಷಿಣಕ್ಕೆ ಹತ್ತಿರ, 163 ಡಿಗ್ರಿ ದಿಕ್ಕಿನಲ್ಲಿ, ಎತ್ತರ 68.

ಕರೆಂಟಿನ ವಿಷಯ ಚುಟುಕು, ಆದರೆ ಪೆಟ್ಟಿಗೆ ಸುಡುವುದು ಇಲ್ಲೇ. ಕಾರು, ಟೆಂಪೊಗಳ ಬ್ಯಾಟರಿ 12 ವೋಲ್ಟಿನದು. ಭಾರಿ ಲಾರಿ, ಬಸ್ಸುಗಳದು 24. ಸೆಟ್-ಟಾಪ್ ಬಾಕ್ಸ್‌ಗಳಲ್ಲಿ ಹಲವು 12 ವೋಲ್ಟಿನಲ್ಲೇ ಓಡುತ್ತವೆ. ಹಿಂಬದಿಯ ಚೀಟಿ ಓದಿ, ಲಾರಿಯಾದರೆ ನಡುವೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಬೇಕು. ಸಣ್ಣ ಎಲ್‌ಇಡಿ ಟಿವಿಯೂ ಬಾಕ್ಸೂ ಸೇರಿ 40 ವ್ಯಾಟ್ ಸುಮಾರಿಗೆ ಎಳೆದರೆ, 12 ವೋಲ್ಟಿನಲ್ಲಿ ನಾಲ್ಕು ತಾಸಿಗೆ 13-14 ಆಂಪಿಯರ್-ಅವರ್ ಖರ್ಚು. ಒಳ್ಳೆಯ ಬ್ಯಾಟರಿಗೆ ಇದು ಹೊರೆಯಲ್ಲ, ಹಳೆಯದಾದರೆ ಬೆಳಿಗ್ಗೆ ಗಾಡಿ ತಳ್ಳಬೇಕಾದೀತು. ದಿಕ್ಕು ನೋಡಲು ಫೋನಿನ ದಿಕ್ಸೂಚಿ ಸಾಕು. ಗಾಡಿಯ ಕಬ್ಬಿಣ ಅದನ್ನು ಎಳೆಯುವುದರಿಂದ ನಾಲ್ಕು ಹೆಜ್ಜೆ ದೂರ ಹೋಗಿ ನೋಡಬೇಕು. ಎರೆ ಮಣ್ಣಿನಲ್ಲಿ ಮುಕ್ಕಾಲಿಯ ಕಾಲು ಒಂದೇ ಮಳೆಗೆ ಹೂತು ವಾಲುತ್ತದೆ. ತಾಂಡೂರಿನಲ್ಲಿ ಬೇಕಾದಷ್ಟು ಸಿಗುವ ಫರಸಿ ಕಲ್ಲಿನ ಒಂದು ತುಂಡು ಗಾಡಿಯಲ್ಲಿದ್ದರೆ ಅದರ ಮೇಲೆ ಮುಕ್ಕಾಲಿ ನಿಲ್ಲಿಸಿ, ಕಾಲಿಗೆ ಇನ್ನೊಂದು ಕಲ್ಲು ಹೇರಬಹುದು. ಮಾರ್ಚ್ ಎರಡನೆಯ ವಾರ, ಅಕ್ಟೋಬರ್ ಮೊದಲ ದಿನಗಳ ಸುಮಾರಿಗೆ ಬೆಳಗಿನ ಹೊತ್ತು ಕೆಲವು ನಿಮಿಷ ಚಿತ್ರ ಹೋದರೆ ಡಿಶ್ ಮುಟ್ಟಬೇಡಿ. ಸೂರ್ಯ ಉಪಗ್ರಹದ ಬೆನ್ನಿಗೆ ಬಂದಿರುತ್ತಾನೆ, ತಾನೇ ಸರಿಯುತ್ತಾನೆ.

ಒಟ್ಟು ಕೊಳ್ಳಬೇಕಾದದ್ದು 60 ಸೆಂಟಿಮೀಟರ್ ಡಿಶ್, ಮಡಿಸುವ ಕಬ್ಬಿಣದ ಮುಕ್ಕಾಲಿ, ಎರಡು ತುದಿಗೂ ಕನೆಕ್ಟರ್ ಹಾಕಿದ ಹತ್ತು ಮೀಟರ್ ಕೇಬಲ್, ಬೇಕಾದ ಸೇವೆಯ ಬಾಕ್ಸು. ಚಾವಣಿಯ ಆಂಟೆನಾ ತೋರಿಸುವ ಅಂಗಡಿಯವರನ್ನು ಒಂದೇ ಮಾತು ಕೇಳಿ: ಇದು ಯಾವ ಗೋಪುರದಿಂದ, ಯಾವ ಉಪಗ್ರಹದಿಂದ ಹಿಡಿಯುತ್ತದೆ? ಹೆಸರು ಹೇಳಲಾಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.