ಒಂದು ಬೆಳ್ಳಿ ಡಾಲರಿನ ಪರೀಕ್ಷೆ

ಬೆಳ್ಳಿಯ ನಾಣ್ಯವೊಂದರಲ್ಲಿರುವ ಲೋಹದ ಬೆಲೆಯನ್ನು ಯಾವ ಅಕ್ಕಸಾಲಿಗನಾದರೂ ಕ್ಷಣಮಾತ್ರದಲ್ಲಿ ಹೇಳಬಲ್ಲನು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1794ರಲ್ಲಿ ಅಚ್ಚಾದ ಬೆಳ್ಳಿಯ ಡಾಲರೊಂದು 2013ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಅದರಲ್ಲಿದ್ದ ಶುದ್ಧ ಬೆಳ್ಳಿ ಸುಮಾರು ಎರಡು ತೊಲೆ ಮಾತ್ರ. ಅದೇ ವರ್ಷದ, ಅದೇ ಅಚ್ಚಿನ ಬೇರೊಂದು ನಾಣ್ಯವು ಸವೆದುಹೋಗಿದ್ದರೆ ಈ ಮೊತ್ತದ ಒಂದು ಚಿಕ್ಕ ಪಾಲನ್ನು ಮಾತ್ರ ಪಡೆಯುವುದು. ಹಾಗಾದರೆ ನಾಣ್ಯದ ಯಾವ ಗುಣಕ್ಕೆ ಇಷ್ಟು ಬೆಲೆ? ಆ ಗುಣವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಕೊಡುವಲ್ಲಿ ಭೌತವಿಜ್ಞಾನಕ್ಕೂ ಒಂದು ಪಾತ್ರವುಂಟು.

ನಾಣ್ಯದ ಜನ್ಮವೃತ್ತಾಂತ

1792ರ ಏಪ್ರಿಲ್ 2ರಂದು ಅಂಗೀಕೃತವಾದ ಶಾಸನವು ಡಾಲರಿನ ತೂಕವನ್ನು 416 ಗ್ರೇನುಗಳೆಂದೂ, ಅದರಲ್ಲಿ ಶುದ್ಧ ಬೆಳ್ಳಿ 371.25 ಗ್ರೇನುಗಳಿರಬೇಕೆಂದೂ ವಿಧಿಸಿತು. ಮೆಟ್ರಿಕ್ ಪದ್ಧತಿಯಲ್ಲಿ ಈ ತೂಕ 26.96 ಗ್ರಾಂ ಆಗುವುದು. ಫಿಲಡೆಲ್ಫಿಯದ ಹೊಸ ಟಂಕಸಾಲೆಗೆ ಪ್ರಥಮ ನಿರ್ದೇಶಕನಾಗಿದ್ದವನು ಪ್ರಸಿದ್ಧ ಖಗೋಳವಿಜ್ಞಾನಿ ಡೇವಿಡ್ ರಿಟನ್‌ಹೌಸ್. 1794ರ ಅಕ್ಟೋಬರ್ 15ರಂದು ಅಲ್ಲಿಂದ 1,758 ಡಾಲರುಗಳು ಹೊರಬಂದುವು. ಆ ವರ್ಷದ ಡಾಲರುಗಳು ಅಷ್ಟೇ. ಇಂದು ಉಳಿದಿರುವುವು ನೂರೈವತ್ತರ ಒಳಗೆಂದು ತಜ್ಞರ ಅಂದಾಜು.

ಇವುಗಳನ್ನು ಒತ್ತಿದ ಯಂತ್ರವು ಇಷ್ಟು ದೊಡ್ಡ ನಾಣ್ಯಕ್ಕೆ ತಕ್ಕಷ್ಟು ಬಲವುಳ್ಳದ್ದಾಗಿರಲಿಲ್ಲ. ಮೇಲಿನ ಅಚ್ಚೂ ಕೆಳಗಿನ ಅಚ್ಚೂ ಪರಸ್ಪರ ಸಮಾಂತರವಾಗಿಯೂ ಇರಲಿಲ್ಲ. ಆದುದರಿಂದ ಸ್ವಾತಂತ್ರ್ಯದೇವಿಯ ಮುಖವಿರುವ ಬದಿಯಲ್ಲಿ ಎಡಗಡೆಯ ನಕ್ಷತ್ರಗಳು ಸಾಮಾನ್ಯವಾಗಿ ಮಸುಕಾಗಿಯೇ ಮೂಡಿದುವು. ಇದಲ್ಲದೆ, ಒತ್ತುವುದಕ್ಕೆ ಮೊದಲು ಪ್ರತಿಯೊಂದು ಬಿಲ್ಲೆಯನ್ನೂ ತೂಗಿ, ಭಾರ ಹೆಚ್ಚಾಗಿದ್ದರೆ ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. 2013ರಲ್ಲಿ ಮಾರಾಟವಾದ ನಾಣ್ಯದ ನಡುವೆ ಬೆಳ್ಳಿಯ ಸಣ್ಣ ಬೆಣೆಯೊಂದಿದೆ. ಬಿಲ್ಲೆಯ ತೂಕ ಕಡಿಮೆಯಾದಾಗ ಅದನ್ನು ತುಂಬಿಕೊಡಲು ಹೀಗೆ ಮಾಡುತ್ತಿದ್ದರು. ಹುಟ್ಟಿನಿಂದ ಬಂದ ಇಂಥ ಗುರುತುಗಳನ್ನೂ ಅನಂತರ ಬಿದ್ದ ಗಾಯಗಳನ್ನೂ ಬೇರ್ಪಡಿಸುವುದೇ ಪರೀಕ್ಷಕನ ಮುಖ್ಯ ಕೆಲಸ.

ಅಸಲಿಯೆ, ನಕಲಿಯೆ?

ಅಕ್ಕಸಾಲಿಗನ ಒರೆಗಲ್ಲು ಇಲ್ಲಿ ಸಲ್ಲದು. ಅದರ ಒಂದು ಗೀರೇ ನಾಣ್ಯದ ಬೆಲೆಯನ್ನು ಕೆಡಿಸುವುದು. ಆದರೆ ಆರ್ಕಿಮಿಡೀಸನ ತತ್ತ್ವವು ಗಾಯಮಾಡದ ಒರೆಗಲ್ಲು. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಶಾಸನದ ಪ್ರಮಾಣದಲ್ಲಿ ಇವೆರಡನ್ನೂ ಬೆರೆಸಿದರೆ ಸಾಂದ್ರತೆ ಸುಮಾರು 10.30 ಆಗುವುದು. ಆದುದರಿಂದ 26.96 ಗ್ರಾಂ ತೂಗುವ ನಾಣ್ಯವು ನೀರಿನಲ್ಲಿ ಸುಮಾರು 2.62 ಗ್ರಾಂ ತೂಕವನ್ನು ಕಳೆದುಕೊಳ್ಳಬೇಕು. ತಾಮ್ರ ಮತ್ತು ನಿಕ್ಕಲಿನ ಮಿಶ್ರಲೋಹಕ್ಕೆ ಬೆಳ್ಳಿಯ ಮುಲಾಮು ಕೊಟ್ಟ ನಕಲಿಯಾದರೆ ಈ ನಷ್ಟವು 3 ಗ್ರಾಮನ್ನು ಮುಟ್ಟುವುದು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಮೊದಲ ಡಾಲರುಗಳನ್ನು ಒತ್ತುವಾಗ ಟಂಕಸಾಲೆಯವರು ಶಾಸನವನ್ನು ಮೀರಿ ಸಾವಿರಕ್ಕೆ 900 ಭಾಗ ಬೆಳ್ಳಿಯನ್ನು ಬಳಸಿದರು. ಶಾಸನದ ಪ್ರಮಾಣ ಸಾವಿರಕ್ಕೆ 892.4. ಎರಡಕ್ಕೂ ಸಾಂದ್ರತೆಯ ಅಂತರ ಸುಮಾರು 0.01 ಮಾತ್ರ. ಇದನ್ನು ಕಾಣುವುದಕ್ಕೆ ಕಾಲೇಜಿನ ತಕ್ಕಡಿ ಸಾಲದು. ಎಕ್ಸ್-ಕಿರಣಗಳನ್ನು ಹಾಯಿಸಿ, ಲೋಹದ ಪರಮಾಣುಗಳು ಹೊರಸೂಸುವ ಕಿರಣಗಳಿಂದ ಅಂಶವನ್ನು ಕಂಡುಹಿಡಿಯುವ ವಿಧಾನವೂ ಉಂಟು. ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ಹಳೆಯ ನಾಣ್ಯಗಳ ಮೇಲ್ಪದರದಲ್ಲಿ ತಾಮ್ರವು ಕರಗಿಹೋಗಿ ಬೆಳ್ಳಿಯ ಅಂಶ ನಿಜಕ್ಕಿಂತ ಹೆಚ್ಚಾಗಿ ತೋರಬಹುದು.

ಅಪ್ಪಟ ಬೆಳ್ಳಿಯಿಂದಲೇ ನಕಲಿ ಮಾಡಿದ್ದರೆ? 1795ರ ಡಾಲರಿನ 5ನ್ನು ಕೆತ್ತಿ 4 ಮಾಡಿದ್ದರೆ? ಆಗ ತೂಕವೂ ಸಾಂದ್ರತೆಯೂ ಮೌನವಾಗುವುವು. ಅಲ್ಲಿ ನೆರವಾಗುವುದು ರೇಖಾಗಣಿತ. 1794ರ ಬೆಳ್ಳಿ ಡಾಲರುಗಳೆಲ್ಲವೂ ಒಂದೇ ಜೊತೆ ಅಚ್ಚುಗಳಿಂದ ಬಂದುವು. ಹದಿನೈದು ನಕ್ಷತ್ರಗಳು, ಅಕ್ಷರಗಳು, ಅಂಕಿಗಳು ಇವುಗಳ ನಡುವಣ ದೂರಗಳೂ ಕೋನಗಳೂ ಎಲ್ಲ ನಾಣ್ಯಗಳಲ್ಲಿಯೂ ಒಂದೇ ಆಗಿರತಕ್ಕದ್ದು. ಒಂದು ನಕ್ಷತ್ರದ ಮೊನೆ ಬೇರೆ ಕಡೆಗೆ ತಿರುಗಿದ್ದರೂ ನಾಣ್ಯವು ಸುಳ್ಳು.

ಸವೆತವೆ, ಮಸುಕು ಮುದ್ರಣವೆ?

ನಾಣ್ಯವು ಅಸಲಿಯೆಂದು ತಿಳಿದ ಮೇಲೆ ದರ್ಜೆಯ ಪ್ರಶ್ನೆ ಬರುವುದು. ಸವೆತವನ್ನು ತೂಕದಿಂದಲೇ ತಿಳಿಯಬಾರದೆ ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ನಾಣ್ಯದ ವ್ಯಾಸ ಸುಮಾರು 39 ಮಿಲಿಮೀಟರು. ಅದರ ಎರಡು ಬದಿಗಳಿಂದಲೂ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಸಮನಾಗಿ ಸವೆಸಿದರೆ ತೂಕದಲ್ಲಿ ಆಗುವ ನಷ್ಟ ನೂರಕ್ಕೆ ಸುಮಾರು ಒಂದು ಪಾಲು. ಆದರೆ ಸವೆತವು ಸಮನಾಗಿ ಆಗುವುದಿಲ್ಲ. ಮೊದಲು ತಾಗುವುದು ಕೂದಲಿನ ಎಳೆ, ಕೆನ್ನೆ, ಹದ್ದಿನ ಎದೆ ಮುಂತಾದ ಉಬ್ಬುಗಳಿಗೆ. ತಕ್ಕಡಿಯು ಗಮನಿಸುವುದಕ್ಕೆ ಮೊದಲೇ ಕೂದಲಿನ ಎಳೆಗಳು ಮಾಯವಾಗಿರುತ್ತವೆ. ಆದುದರಿಂದ ಇಲ್ಲಿ ತಕ್ಕಡಿಗಿಂತ ಕಣ್ಣೇ ಸೂಕ್ಷ್ಮವಾದ ಸಾಧನ.

ಕಣ್ಣಿಗೂ ಮೋಸವಾಗಬಹುದು. ಎಡಗಡೆಯ ನಕ್ಷತ್ರ ಮಸುಕಾಗಿರುವುದು ಸವೆತದಿಂದಲೋ, ಹುಟ್ಟಿನಿಂದಲೋ? ಉತ್ತರವನ್ನು ತರ್ಕದಿಂದ ಪಡೆಯಬಹುದು. ಅಚ್ಚುಗಳು ಓರೆಯಾಗಿದ್ದುದರಿಂದ ಒತ್ತಡ ಕಡಿಮೆಯಾಗಿದ್ದರೆ, ನಾಣ್ಯದ ಹಿಂಬದಿಯಲ್ಲಿ ಅದಕ್ಕೆ ನೇರವಾಗಿರುವ ಭಾಗವೂ ಮಸುಕಾಗಿರಬೇಕು. ಸವೆತಕ್ಕಾದರೋ ಇಂಥ ನಿಯಮವಿಲ್ಲ. ಅದು ಎರಡು ಬದಿಗಳಲ್ಲಿಯೂ ಉಬ್ಬುಗಳನ್ನೇ ಹುಡುಕಿಕೊಂಡು ಹೋಗುವುದು. ಅರದ ಗೆರೆಗಳಿಗೂ ಇದೇ ರೀತಿಯ ಪರೀಕ್ಷೆಯುಂಟು. ಒತ್ತುವ ಮೊದಲೇ ಬಿದ್ದ ಗೆರೆಗಳು ಅಚ್ಚಿನ ಒತ್ತಡದಿಂದ ಚಪ್ಪಟೆಯಾಗಿ, ಅಂಚಿನಲ್ಲಿಯೂ ಲೋಹವು ಪೂರ್ತಿ ತುಂಬದ ಉಬ್ಬುಗಳಲ್ಲಿಯೂ ಉಳಿದಿರುತ್ತವೆ. ಅನಂತರ ಬಿದ್ದ ಗೀರು ಉಬ್ಬನ್ನೂ ತಗ್ಗನ್ನೂ ಕತ್ತರಿಸಿಕೊಂಡು ಹೋಗಿ, ಪಕ್ಕದಲ್ಲಿ ಲೋಹವನ್ನು ಎಬ್ಬಿಸಿರುವುದು.

ಕಾಂತಿಯೂ ಬಣ್ಣವೂ

ಒತ್ತಡಕ್ಕೆ ಸಿಕ್ಕಿದ ಬೆಳ್ಳಿಯು ನಡುವಿನಿಂದ ಅಂಚಿನ ಕಡೆಗೆ ಹರಿಯುವುದು. ಈ ಹರಿವಿನ ಉಜ್ಜುವಿಕೆಯಿಂದ ಅಚ್ಚಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳುಂಟಾಗಿ, ಅವು ನಾಣ್ಯದ ಮೇಲೆಯೂ ಮೂಡುತ್ತವೆ. ದೀಪದ ಕೆಳಗೆ ನಾಣ್ಯವನ್ನು ವಾಲಿಸಿದಾಗ, ಗ್ರಾಮಫೋನ್ ತಟ್ಟೆಯ ಮೇಲೆ ಕಾಣುವಂತೆ, ಬೆಳಕಿನ ಪಟ್ಟೆಯೊಂದು ಗಾಲಿಯ ಕಡ್ಡಿಗಳಂತೆ ಸುತ್ತುವುದು. ಗೆರೆಗಳು ಅಳಿಸಿದರೆ ಈ ನರ್ತನ ನಿಲ್ಲುವುದು. ಅದನ್ನು ಯಾವ ಪಾಲಿಷಿನಿಂದಲೂ ಮರಳಿ ತರಲಾಗದು.

ಬಣ್ಣದ ವಿಷಯವೂ ಹಾಗೆಯೇ. ಗಾಳಿಯಲ್ಲಿರುವ ಹೈಡ್ರೊಜನ್ ಸಲ್ಫೈಡು ಬೆಳ್ಳಿಯ ಮೇಲೆ ಸಲ್ಫೈಡಿನ ತೆಳುಪೊರೆಯನ್ನು ಕಟ್ಟುವುದು. ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸುವ ಬೆಳಕಿನ ಅಲೆಗಳು ಕೂಡಿ ಕೆಲವು ಬಣ್ಣಗಳನ್ನು ಅಳಿಸುವುವು. ಪೊರೆ ದಪ್ಪವಾದಂತೆ ಮೊದಲು ತೆಳು ಹಳದಿ, ಅನಂತರ ನೇರಳೆಗೆಂಪು, ಆಮೇಲೆ ನೀಲಿ ಹೀಗೆ ಬಣ್ಣಗಳು ಕ್ರಮವಾಗಿ ಬರುವುವು. ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳು ಕಾಣುವುದೂ ಇದೇ ಕಾರಣದಿಂದ. ನೈಸರ್ಗಿಕವಾದ ಪೊರೆಯಲ್ಲಿ ಬಣ್ಣಗಳು ಈ ಕ್ರಮದಲ್ಲಿ ಒಂದರೊಳಗೊಂದು ಬೆರೆಯುತ್ತವೆ. ಕೃತಕವಾಗಿ ಹಚ್ಚಿದ ಬಣ್ಣದಲ್ಲಿ ಕ್ರಮ ತಪ್ಪುವುದುಂಟು.

ಅಂಕಗಳ ಅರ್ಥ

1949ರಲ್ಲಿ ವಿಲಿಯಂ ಷೆಲ್ಡನ್ ಎಂಬವನು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಮಾನವೊಂದನ್ನು ರಚಿಸಿದನು. ತೀರ ಸವೆದ ನಾಣ್ಯಕ್ಕೆ 1, ದೋಷರಹಿತವಾದುದಕ್ಕೆ 70. 70 ಅಂಕದ ನಾಣ್ಯಕ್ಕೆ 1 ಅಂಕದ್ದರ ಎಪ್ಪತ್ತರಷ್ಟು ಬೆಲೆಯೆಂಬುದು ಅವನ ಲೆಕ್ಕ. ಬೆಲೆಗಳು ಬೇಗನೆ ಈ ಲೆಕ್ಕವನ್ನು ಮೀರಿದುವು. ಅಂಕಗಳು ಮಾತ್ರ ಉಳಿದು, ಬೆಳ್ಳಿಗೂ ಚಿನ್ನಕ್ಕೂ ಹರಡಿದುವು. 60ರಿಂದ ಮೇಲಿನವು ಚಲಾವಣೆಯ ಸವೆತವನ್ನೇ ಕಾಣದ ನಾಣ್ಯಗಳು. ಒಂದು ಕೋಟಿಯ ಆ ಡಾಲರಿಗೆ ದೊರೆತ ಅಂಕ 66.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು. 60 ಅಂಕವು 30 ಅಂಕದ ಎರಡರಷ್ಟಲ್ಲ. ಇದು ಉಷ್ಣಮಾಪಕದಂಥ ಮಾನವಲ್ಲ. ಖನಿಜಗಳ ಕಾಠಿಣ್ಯವನ್ನು ಹೇಳುವ ಮೋಸ್ ಮಾನದಂತೆ ಕ್ರಮವನ್ನು ಮಾತ್ರ ಸೂಚಿಸುವುದು. ಆದುದರಿಂದಲೇ ಒಬ್ಬನ ತೀರ್ಪನ್ನು ನೆಚ್ಚದೆ, ಹಲವು ಪರೀಕ್ಷಕರು ಬೇರೆ ಬೇರೆಯಾಗಿ ನೋಡಿ ಅಂಕ ಕೊಡುವ ಪದ್ಧತಿ ಬೆಳೆಯಿತು. 1986ರಲ್ಲಿಯೂ 1987ರಲ್ಲಿಯೂ ಸ್ಥಾಪಿತವಾದ ಎರಡು ಅಮೆರಿಕನ್ ಸಂಸ್ಥೆಗಳು ಅಂಕ ಕೊಟ್ಟ ನಾಣ್ಯವನ್ನು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ ಹಿಂದಿರುಗಿಸುವ ರೂಢಿಯನ್ನು ಬಲಪಡಿಸಿದುವು. ಆದರೂ ತೂಕ, ಸಾಂದ್ರತೆ, ದೂರ, ಕೋನ ಇವು ಅಳತೆಗಳು. ದರ್ಜೆಯು ಅಳತೆಗಳನ್ನು ಆಧರಿಸಿದ ಅಭಿಪ್ರಾಯ.

ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ವಿಕ್ಟೋರಿಯ ರಾಣಿಯ ರೂಪಾಯಿ ಇರುವುದುಂಟು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವ ಆ ನಾಣ್ಯದ ತೂಕ 11.66 ಗ್ರಾಂ, ನೀರಿನಲ್ಲಿ ಅದು ಎಷ್ಟನ್ನು ಕಳೆದುಕೊಳ್ಳಬೇಕೆಂದು ಮೊದಲು ಲೆಕ್ಕ ಹಾಕಿ, ಅನಂತರ ತೂಗಿ ನೋಡಬಹುದು. ಪರೀಕ್ಷೆ ಮುಗಿದ ಮೇಲೆ ಒತ್ತಿ ಉಜ್ಜದೆ, ಮೃದುವಾದ ಬಟ್ಟೆಯನ್ನು ತಾಗಿಸಿ ನೀರನ್ನು ಹೀರಿಸಿದರೆ ಸಾಕು. ಬೆಳ್ಳಿಯ ಪಾತ್ರೆಯಂತೆ ಅದನ್ನು ವಿಭೂತಿಯಿಂದ ತಿಕ್ಕಿ ಬೆಳಗಿದರೆ, ಟಂಕಸಾಲೆಯ ಒತ್ತಡವು ಬರೆದಿಟ್ಟ ಗೆರೆಗಳೂ ಕಾಲವು ಹಚ್ಚಿದ ಬಣ್ಣವೂ ಒಟ್ಟಿಗೆ ಅಳಿಸಿಹೋಗುವುವು.